ಡಬ್ಬಿಯೊಳಗೆ ಸಿಕ್ಕ ಡಾಕ್ಟರ್: ಪ್ಯಾಟ್ರಿಕ್ ಟ್ರೌಟನ್

ನಟ ತೀರಿಕೊಂಡರೂ ಅವನ ಕೆಲಸ ಎಲ್ಲಿಗೂ ಹೋಗಲ್ಲ ಅಂತ ನಾವೆಲ್ಲ ಸುಮ್ಮನೆ ನಂಬಿಕೊಂಡಿರ್ತೀವಿ. ಅಣ್ಣಾವ್ರ ಯಾವ ಹಾಡು ಬೇಕೋ ಅದನ್ನ ಫೋನಿನಲ್ಲಿ ಹುಡುಕಿ ನೋಡಿ ಮಲಗುವ ಕಾಲ ನಮ್ಮದು. ಆದರೆ ಇಂಗ್ಲೆಂಡಿನ ಪ್ಯಾಟ್ರಿಕ್ ಟ್ರೌಟನ್ ಅವರ ಕಥೆ ಉಲ್ಟಾ. ಅವರು ಬದುಕಿದ್ದಾಗಲೇ ಅವರ ಕೆಲಸದ ದೊಡ್ಡ ಪಾಲು ಅಳಿಸಿಹೋಗಿತ್ತು. ಅದರಲ್ಲಿ ಒಂದಷ್ಟು ವಾಪಸ್ ಬಂದದ್ದು ಅವರು ಹೋದ ಮೇಲೆ: ಲಂಡನ್ನಿನ ಒಂದು ಆಫೀಸಿನ ಬೀರುವಿನಿಂದ, ಹಾಂಗ್‌ಕಾಂಗಿನಿಂದ, ನೈಜೀರಿಯಾದಿಂದ.

ಡಾಕ್ಟರ್ ಹೂ ಧಾರಾವಾಹಿಯ ಹೆಸರು ನಮ್ಮ ಹಾಸ್ಟೆಲಿನಲ್ಲಿ ಕೆಲವರಿಗಾದರೂ ಗೊತ್ತಿದೆ. ಗೊತ್ತಿಲ್ಲದವರಿಗೆ ಎರಡು ಮಾತು. ಬೇರೆ ಗ್ರಹದ ಒಬ್ಬ ವ್ಯಕ್ತಿ, ಹೊರಗಿನಿಂದ ನೀಲಿ ಪೊಲೀಸ್ ಪೆಟ್ಟಿಗೆಯ ಹಾಗೆ ಕಾಣುವ ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲ, ದೇಶ ಎರಡನ್ನೂ ದಾಟಿ ಓಡಾಡ್ತಾನೆ. ಹೆಸರಿಲ್ಲ, ಎಲ್ಲರೂ ಅವನನ್ನು ಡಾಕ್ಟರ್ ಅಂತಾರೆ. ಬಿಬಿಸಿ ಇದನ್ನು ಶುರುಮಾಡಿದ್ದು 1963ರ ನವೆಂಬರಿನಲ್ಲಿ. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್ನೆಲ್. ಎರಡನೆಯವರೇ ನಮ್ಮ ಟ್ರೌಟನ್.

ಅವರು ಹುಟ್ಟಿದ್ದು 1920ರ ಮಾರ್ಚ್ 25ರಂದು, ಲಂಡನ್ನಿನ ಮಿಲ್ ಹಿಲ್‌ನಲ್ಲಿ. ಓದಿದ್ದೂ ಅಲ್ಲಿಯ ಶಾಲೆಯಲ್ಲೇ. ಆಮೇಲೆ ಲಂಡನ್ನಿನಲ್ಲಿ ನಟನೆಯ ಶಾಲೆ, ಅಲ್ಲಿಂದ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕದ ಲಾಂಗ್ ಐಲೆಂಡಿನ ಒಂದು ರಂಗಶಾಲೆ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯ್ತು. ಬೆಲ್ಜಿಯಂನ ಹಡಗೊಂದನ್ನು ಹತ್ತಿ ಊರಿಗೆ ಹೊರಟರು. ಬ್ರಿಟನ್ನಿನ ಕರಾವಳಿ ಹತ್ತಿರವಾದಾಗ ಹಡಗು ಸಿಡಿಗುಂಡಿಗೆ ತಾಗಿ ಮುಳುಗಿತು. ಟ್ರೌಟನ್ ಲೈಫ್‌ಬೋಟಿನಲ್ಲಿ ಪಾರಾದರು. ವಯಸ್ಸು ಹತ್ತೊಂಬತ್ತು, ನಮ್ಮ ಸೆಕೆಂಡ್ ಇಯರ್ ಹುಡುಗರ ವಯಸ್ಸು.

ನೀರಿನಿಂದ ಎದ್ದುಬಂದವರು ಮತ್ತೆ ನೀರಿಗೇ ಹೋದರು. 1940ರಲ್ಲಿ ನೌಕಾಪಡೆ ಸೇರಿ, ಮೊದಲು ಪೂರ್ವ ಕರಾವಳಿಯಲ್ಲಿ ಸರಕು ಹಡಗುಗಳಿಗೆ ಕಾವಲು, ಆಮೇಲೆ ಗ್ರೇಟ್ ಯಾರ್ಮತ್ ಬಂದರಿನಿಂದ ಹೊರಡುವ ಸಣ್ಣ, ವೇಗದ ಗನ್‌ಬೋಟುಗಳಲ್ಲಿ ಕೆಲಸ. ಉತ್ತರ ಸಮುದ್ರದ ಚಳಿಗೆ ತಲೆ ಮೇಲೆ ಟೀ ಪಾತ್ರೆಗೆ ಹೊದಿಸುವ ಉಣ್ಣೆಯ ಟೋಪಿ ಹಾಕಿಕೊಂಡು ನಿಲ್ಲುತ್ತಿದ್ದರು ಅನ್ನೋ ಕಥೆ ಅವರ ಬಗ್ಗೆ ಬರೆದವರೆಲ್ಲ ಹೇಳ್ತಾರೆ. ಮುಂದೆ ಅವರು ಮಾಡಿದ ಪಾತ್ರ ನೋಡಿದವರಿಗೆ ಈ ಕಥೆಯನ್ನು ನಂಬೋದು ಕಷ್ಟವೇನಲ್ಲ.

ಯುದ್ಧ ಮುಗಿದ ಮೇಲೆ ನಾಟಕ ಕಂಪನಿಗಳು, 1947ರಿಂದ ಟಿವಿ. ಲಾರೆನ್ಸ್ ಒಲಿವಿಯೆಯ ಹ್ಯಾಮ್ಲೆಟ್ ಚಿತ್ರದಲ್ಲಿ ಒಂದು ಪುಟ್ಟ ಪಾತ್ರ ಮಾಡಿದ್ದಾರೆ, ಮೂರನೇ ರಿಚರ್ಡ್ ಚಿತ್ರದಲ್ಲೂ ಇದ್ದಾರೆ. ಆದರೆ ಅವರ ಮನಸ್ಸು ಇದ್ದದ್ದು ಟಿವಿಯಲ್ಲಿ. ರಂಗಭೂಮಿಯಲ್ಲಿ ಕೊನೇ ಸಾಲಿನವನಿಗೂ ಮುಟ್ಟುವ ಹಾಗೆ ಕೂಗಬೇಕು, ಅದು ಅವರಿಗೆ ಅಷ್ಟು ಒಗ್ಗುತ್ತಿರಲಿಲ್ಲ. ಕ್ಯಾಮೆರಾ ಮುಂದೆ ಹುಬ್ಬು ಒಂದಿಷ್ಟು ಎತ್ತಿದರೆ ಸಾಕು. 1953ರಲ್ಲಿ ಬಿಬಿಸಿ ಆರು ಕಂತುಗಳ ರಾಬಿನ್ ಹುಡ್ ಮಾಡಿತು. ಟಿವಿಯ ಮೊದಲ ರಾಬಿನ್ ಹುಡ್ ಆದವರು ಇವರೇ. ಆಗ ಎಲ್ಲ ಲೈವ್. ಮಾತು ಮರೆತರೆ ಮರೆತಂತೆಯೇ, ಬಿಲ್ಲು ಕೈಜಾರಿದರೆ ಊರೆಲ್ಲ ನೋಡಿದಂತೆಯೇ. ಆ ಕಾಲದ ಟಿವಿ ನಾಟಕ ಗಾಳಿಯಲ್ಲಿ ಹೋಗಿ ಗಾಳಿಯಲ್ಲೇ ಕರಗುತ್ತಿತ್ತು. ಅದನ್ನು ಇಟ್ಟುಕೊಳ್ಳಬೇಕು ಅಂತ ಯಾರಿಗೂ ಅಷ್ಟಾಗಿ ಅನ್ನಿಸಿಯೂ ಇರಲಿಲ್ಲ.

1966ರಲ್ಲಿ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಿತು. ಧಾರಾವಾಹಿ ಚೆನ್ನಾಗಿ ಓಡುತ್ತಿದೆ, ನಾಯಕನಿಗೆ ಕೈಲಾಗುತ್ತಿಲ್ಲ. ನಮ್ಮ ಸೀರಿಯಲ್‌ಗಳಲ್ಲಾದರೆ ಒಂದು ಆ್ಯಕ್ಸಿಡೆಂಟು, ಪ್ಲಾಸ್ಟಿಕ್ ಸರ್ಜರಿ, ಬ್ಯಾಂಡೇಜ್ ಬಿಚ್ಚಿದರೆ ಹೊಸ ಮುಖ! ಬಿಬಿಸಿಯವರು ಮಾಡಿದ್ದು ಅದಕ್ಕಿಂತ ಜಾಣತನದ ಕೆಲಸ. ಡಾಕ್ಟರ್ ಮನುಷ್ಯನಲ್ಲವಲ್ಲ, ಹಳೇ ದೇಹ ಸವೆದರೆ ಹೊಸ ದೇಹ ಬರುತ್ತೆ ಅಂತ ಮಾಡಿಬಿಟ್ಟರು. ಈ ಉಪಾಯ ಗೆದ್ದದ್ದರಿಂದಲೇ ಧಾರಾವಾಹಿ ಇಷ್ಟು ದಶಕ ಬಾಳಿದೆ. ಆದರೆ ಅವತ್ತು ಗೆಲ್ಲುತ್ತೆ ಅಂತ ಯಾರಿಗೆ ಗೊತ್ತಿತ್ತು? ಗೆಲ್ಲಿಸಬೇಕಾದ ಭಾರ ಪೂರ್ತಿ ಬಿದ್ದದ್ದು ಹೊಸದಾಗಿ ಬಂದವರ ತಲೆ ಮೇಲೆ.

ಟ್ರೌಟನ್ ಮೊದಲು ಹಿಂಜರಿದರು. ಒಂದೇ ಪಾತ್ರಕ್ಕೆ ಅಂಟಿಕೊಂಡರೆ ಮುಂದೆ ಬೇರೆ ಕೆಲಸ ಸಿಗಲ್ಲ ಅನ್ನೋ ಭಯ. ಗುರುತೇ ಸಿಗದ ಹಾಗೆ ಮುಖಕ್ಕೆ ಬಣ್ಣ ಬಳಿದು, ಗಡ್ಡ, ಪೇಟ ಹಾಕಿಕೊಂಡು ಮಾಡಲೇ ಅಂತಲೂ ಯೋಚಿಸಿದ್ದರಂತೆ. ಪುಣ್ಯಕ್ಕೆ ಅದು ಆಗಲಿಲ್ಲ. ಕೊನೆಗೆ ಬಂದದ್ದು ಚಾಪ್ಲಿನ್‌ನ ಅಲೆಮಾರಿಯ ನೆರಳಿರುವ ಒಬ್ಬ ಡಾಕ್ಟರ್: ಮೈಗೆ ದೊಡ್ಡದಾದ ಕರಿ ಕೋಟು, ಜೋಲುವ ಚೌಕುಳಿ ಪ್ಯಾಂಟು, ಓರೆಯಾದ ಬೋ ಟೈ, ಕೈಯಲ್ಲಿ ಕೊಳಲಿನಂಥ ರೆಕಾರ್ಡರ್ ವಾದ್ಯ. ಎದುರಾಳಿಗೆ ಪೆದ್ದನ ಹಾಗೆ ಕಾಣೋದು, ಒಳಗೊಳಗೇ ಲೆಕ್ಕ ಹಾಕೋದು. ಇದನ್ನು ಮಾತಿನಲ್ಲಿ ಮಾಡೋಕಾಗಲ್ಲ, ಮುಖದಲ್ಲಿ, ಕೈಬೆರಳಿನಲ್ಲಿ, ಮೂಲೆಯಲ್ಲಿ ನಿಂತು ಸುಮ್ಮನೆ ನೋಡುವ ನೋಟದಲ್ಲಿ ಮಾಡಬೇಕು.

ಅವರ ಮೊದಲ ಕಥೆ ದಿ ಪವರ್ ಆಫ್ ದಿ ಡಾಲೆಕ್ಸ್, 1966ರ ನವೆಂಬರ್ 5ರಿಂದ ಆರು ವಾರ ಪ್ರಸಾರವಾಯ್ತು. ಹೊಸ ಮನುಷ್ಯ ನಿಜವಾಗಿಯೂ ಡಾಕ್ಟರೇ ಹೌದಾ ಅಂತ ಜೊತೆಗಾರರಿಗೇ ಅನುಮಾನ. ಅವನನ್ನು ಗುರುತು ಹಿಡಿಯುವುದು ಅವನ ಹಳೇ ವೈರಿಯಾದ ಡಾಲೆಕ್! ಎಂಥ ಕಲ್ಪನೆ ನೋಡಿ. ಆ ಆರು ಕಂತಿನಲ್ಲಿ ಒಂದೂ ಇವತ್ತು ಇಲ್ಲ. ಚೂರುಪಾರು ದೃಶ್ಯ ಬಿಟ್ಟರೆ ಟ್ರೌಟನ್ ನೋಡುಗರನ್ನು ಒಲಿಸಿಕೊಂಡ ಆ ವಾರಗಳನ್ನು ನಾವು ನೋಡೋಕಾಗಲ್ಲ. ಹಾರ್ಟ್ನೆಲ್ ಮುಖ ಟ್ರೌಟನ್ ಮುಖವಾಗುವ ಕೆಲವು ಸೆಕೆಂಡುಗಳು ಉಳಿದಿವೆ. ಅದೂ ಬ್ಲೂ ಪೀಟರ್ ಅನ್ನೋ ಮಕ್ಕಳ ಕಾರ್ಯಕ್ರಮ ಆ ತುಣುಕನ್ನು ಮುಂದೊಮ್ಮೆ ತೋರಿಸಿದ್ದರಿಂದ.

ಮೂರು ವರ್ಷ, 119 ಕಂತು. ವರ್ಷಕ್ಕೆ ನಲವತ್ತರ ಆಸುಪಾಸು. ವಾರವಿಡೀ ರಿಹರ್ಸಲ್, ಒಂದು ಸಂಜೆ ರೆಕಾರ್ಡಿಂಗ್, ಮಾರನೇ ವಾರ ಮತ್ತೊಂದು. ಟೇಪ್ ಕತ್ತರಿಸಿ ಅಂಟಿಸೋದು ದುಬಾರಿ, ಆದ್ದರಿಂದ ತೀರಾ ಎಡವಟ್ಟಾಗದ ಹೊರತು ನಿಲ್ಲಿಸುತ್ತಿರಲಿಲ್ಲ. ದಣಿದು, 1969ರ ಜೂನಿನಲ್ಲಿ ದಿ ವಾರ್ ಗೇಮ್ಸ್ ಮುಗಿಸಿ ಹೊರಬಂದರು. ಎಷ್ಟೋ ವರ್ಷದ ಮೇಲೆ ಐದನೇ ಡಾಕ್ಟರ್ ಪೀಟರ್ ಡೇವಿಸನ್‌ಗೂ ಮೂರು ವರ್ಷಕ್ಕೆ ನಿಲ್ಲಿಸು ಅಂತಲೇ ಬುದ್ಧಿ ಹೇಳಿದರು. ಅವರು ಕೇಳಿದರು ಕೂಡ.

ಈಗ ಅಳಿಸಿದ ಕಥೆಗೆ ಬರೋಣ. ಕೇಳಿದ ತಕ್ಷಣ ಬಿಬಿಸಿಯವರನ್ನು ಬೈಯಬೇಕು ಅನ್ನಿಸುತ್ತೆ. ಒಂದು ನಿಮಿಷ ಅವರ ಕುರ್ಚಿಯಲ್ಲಿ ಕೂತು ನೋಡಿ. ಆಗಿನ ವಿಡಿಯೊ ಟೇಪು ಎರಡು ಇಂಚು ಅಗಲ, ರೀಲು ಮಣ ಭಾರ, ಬೆಲೆ ವಿಪರೀತ, ಆದರೆ ಅಳಿಸಿ ಮತ್ತೆ ಬಳಸಬಹುದು. ಕಲಾವಿದರ ಸಂಘದೊಂದಿಗಿನ ಒಪ್ಪಂದದ ಪ್ರಕಾರ ಮರುಪ್ರಸಾರಕ್ಕೆ ಮಿತಿ, ಮೇಲೆ ಮತ್ತೆ ಸಂಭಾವನೆ. ಮನೆಯಲ್ಲಿ ವಿಸಿಆರ್ ಇಲ್ಲ, ಡಿವಿಡಿ ಅನ್ನೋ ಪದವೇ ಇಲ್ಲ. ಬಣ್ಣದ ಟಿವಿ ಬರ್ತಾ ಇದೆ, ಕಪ್ಪು ಬಿಳುಪು ಯಾರಿಗೆ ಬೇಕು? ಜಾಗವೂ ಸಾಲದು. ಹೀಗೆ 1967ರಿಂದ ಸುಮಾರು ಹತ್ತು ವರ್ಷ ಟೇಪುಗಳನ್ನು ಅಳಿಸುತ್ತಾ ಹೋದರು. ಒಬ್ಬೊಬ್ಬರ ಮಟ್ಟದಲ್ಲಿ ಎಲ್ಲರ ಲೆಕ್ಕವೂ ಸರಿಯಾಗೇ ಇತ್ತು. ಇದನ್ನು ಇಟ್ಟುಕೊಳ್ಳುವುದು ಯಾರ ಕೆಲಸ ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ಎಂಜಿನಿಯರ್ ಆಗಲಿರುವ ನಾವು ನೆನಪಿಟ್ಟುಕೊಳ್ಳಬೇಕಾದ ಜಾಗ ಇದು ಅಂತ ನನಗನ್ನಿಸುತ್ತೆ.

ಹೊರದೇಶಗಳಿಗೆ ಮಾರಲು ಮಾತ್ರ ಬಿಬಿಸಿ 16 ಎಂಎಂ ಫಿಲ್ಮಿನ ಪ್ರತಿ ಮಾಡುತ್ತಿತ್ತು. ಇದಕ್ಕೆ ಟೆಲಿರೆಕಾರ್ಡಿಂಗ್ ಅಂತಾರೆ. ಸರಳವಾಗಿ ಹೇಳಬೇಕೆಂದರೆ ಒಂದು ಒಳ್ಳೇ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು, ಕಂತು ಓಡುತ್ತಿರುವಾಗ ಚಿತ್ರೀಕರಿಸೋದು. ಈ ಡಬ್ಬಿಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಹಾಂಗ್‌ಕಾಂಗ್, ಆಫ್ರಿಕದ ಹಲವು ದೇಶಗಳಿಗೆ ಹೋಗುತ್ತಿದ್ದವು. ಒಂದು ದೇಶ ತೋರಿಸಿ ಮುಗಿಸಿದರೆ ಅದೇ ಡಬ್ಬಿ ಮುಂದಿನ ದೇಶಕ್ಕೆ. ಕೊನೆಯವರು ವಾಪಸ್ ಕಳಿಸಬೇಕು, ಇಲ್ಲವೇ ಸುಟ್ಟುಹಾಕಬೇಕು. ಮಾರಾಟದ ಹಕ್ಕು ಮುಗಿದ ಮೇಲೆ ಲಂಡನ್ನಿನ ಫಿಲ್ಮ್ ಪ್ರತಿಗಳನ್ನೂ ಎಸೆಯತೊಡಗಿದರು. 1978ರ ಹೊತ್ತಿಗೆ ಬಿಬಿಸಿ ಎಚ್ಚೆತ್ತು ಯಾವುದನ್ನು ಉಳಿಸಬೇಕು ಅಂತ ನೋಡಲು ಒಬ್ಬ ಅಧಿಕಾರಿಯನ್ನು ನೇಮಿಸಿತು. ಅಷ್ಟರಲ್ಲಿ ಟ್ರೌಟನ್ ಅವರ ಡಾಕ್ಟರ್ ಅರ್ಧಕ್ಕರ್ಧ ಮಾಯ.

ಅವರೇನೂ ಇದಕ್ಕಾಗಿ ಕೈಕಟ್ಟಿ ಕೂತಿರಲಿಲ್ಲ, ಕೆಲಸ ಮಾಡುತ್ತಲೇ ಇದ್ದರು. ಜೇಸನ್ ಅಂಡ್ ದಿ ಆರ್ಗೊನಾಟ್ಸ್‌ನ ಕುರುಡ ಫೀನಿಯಸ್ ಅವರೇ, ಅದು ಡಾಕ್ಟರ್‌ಗಿಂತ ಮುಂಚಿನದು. 1976ರ ದಿ ಓಮೆನ್ ಚಿತ್ರದಲ್ಲಿ ಚರ್ಚಿನ ಮೇಲಿಂದ ಬಿದ್ದ ಸರಳು ಚುಚ್ಚಿ ಸಾಯುವ ಪಾದ್ರಿಯೂ ಅವರೇ. ಮಕ್ಕಳಾದ ಡೇವಿಡ್, ಮೈಕಲ್ ಇಬ್ಬರೂ ನಟರಾದರು. ಹ್ಯಾರಿ ಪಾಟರ್ ಚಿತ್ರಗಳ ಡಡ್ಲಿ, ಅಂದರೆ ಹ್ಯಾರಿ ಮೆಲಿಂಗ್, ಅವರ ಮೊಮ್ಮಗ. ಪಾತ್ರದಲ್ಲಿದ್ದಾಗ ಸಂದರ್ಶನವೆಂದರೆ ದೂರ ಓಡುತ್ತಿದ್ದವರು, ಮ್ಯಾಜಿಕ್ ಮಾಡುವವನು ಕೈಚಳಕ ಹೇಳಿಬಿಡಬಾರದು ಅನ್ನೋ ಥರದವರು. ವಯಸ್ಸಾದ ಮೇಲೆ ಅಭಿಮಾನಿಗಳ ಸಮ್ಮೇಳನಗಳಿಗೆ ಖುಷಿಯಿಂದ ಹೋಗತೊಡಗಿದರು. ಮೂರನೇ ಡಾಕ್ಟರ್ ಜಾನ್ ಪರ್ಟ್ವಿ ಜೊತೆ ವೇದಿಕೆಯಲ್ಲೇ ನೀರಿನ ಪಿಸ್ತೂಲಿನ ಜಗಳ! 1973, 1983, 1985ರಲ್ಲಿ ಹಳೇ ಕೋಟು ಹಾಕಿಕೊಂಡು ಧಾರಾವಾಹಿಗೂ ಬಂದುಹೋದರು. ಎರಡು ಸಲ ಹೃದಯಾಘಾತವಾಗಿದ್ದರೂ ಓಡಾಟ ಬಿಟ್ಟಿರಲಿಲ್ಲ. 1987ರ ಮಾರ್ಚ್ 28ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಕೊಲಂಬಸ್‌ನಲ್ಲಿ ಅಂಥದೇ ಒಂದು ಸಮ್ಮೇಳನಕ್ಕೆ ಹೋಗಿದ್ದಾಗ ಮೂರನೇ ಸಲ ಬಂತು. 67 ತುಂಬಿ ಮೂರೇ ದಿನವಾಗಿತ್ತು.

ಮಾರನೇ ವರ್ಷ, ಬಿಬಿಸಿ ಈಲಿಂಗಿನ ತನ್ನ ಒಂದು ಕಟ್ಟಡ ಖಾಲಿ ಮಾಡುತ್ತಿದ್ದಾಗ, ಬೀರುವೊಂದರಲ್ಲಿ ದಿ ಐಸ್ ವಾರಿಯರ್ಸ್ ಕಥೆಯ ಆರು ಕಂತಿನಲ್ಲಿ ನಾಲ್ಕು ಸಿಕ್ಕವು. ಜಗತ್ತೆಲ್ಲ ಹುಡುಕುತ್ತಿದ್ದದ್ದು ಮನೆಯಲ್ಲೇ ಇತ್ತು. ಬಗಲಲ್ಲೇ ಮಗು, ಊರೆಲ್ಲ ಹುಡುಕಾಟ.

1991ರ ಕೊನೆಗೆ ಹಾಂಗ್‌ಕಾಂಗಿನಿಂದ ಬಂದದ್ದು ಇನ್ನೂ ದೊಡ್ಡದು: ದಿ ಟೂಂಬ್ ಆಫ್ ದಿ ಸೈಬರ್‌ಮೆನ್, ನಾಲ್ಕಕ್ಕೆ ನಾಲ್ಕೂ ಕಂತು. ಅದರಲ್ಲಿ ಒಂದು ಪುಟ್ಟ ದೃಶ್ಯ ಇದೆ. ತಂದೆಯನ್ನು ಕಳೆದುಕೊಂಡ ವಿಕ್ಟೋರಿಯಾ ಎಂಬ ಹುಡುಗಿಗೆ ನಿದ್ದೆ ಬಾರದು. ಡಾಕ್ಟರ್ ಅವಳ ಪಕ್ಕ ಕೂತು ತನ್ನ ಮನೆಯವರ ನೆನಪಿನ ಬಗ್ಗೆ ಮಾತಾಡ್ತಾನೆ. ಮಾತಷ್ಟೇ ಕೇಳಿದರೆ ಸಾಮಾನ್ಯ ಸಮಾಧಾನ. ಮುಖ ನೋಡಿದರೆ ಬೇರೆ. ಹೇಳುತ್ತಿರುವವನು ಎಷ್ಟೋ ನೂರು ವರ್ಷದ ಮುದುಕ, ತನಗೆ ಈ ಸಮಾಧಾನ ಎಷ್ಟು ಸಾಲುತ್ತೆ ಅಂತ ಅವನಿಗೆ ಗೊತ್ತು ಅನ್ನೋದು ಆ ಕಣ್ಣಿನಲ್ಲಿದೆ. ಡಬ್ಬಿ ವಾಪಸ್ ಬರದೇ ಇದ್ದಿದ್ದರೆ ಅದು ಇರುತ್ತಿರಲಿಲ್ಲ. ಇನ್ನೊಂದು ಸಂಗತಿ: ಸಿಗುವ ಮೊದಲು ಇದೇ ಅತ್ಯುತ್ತಮ ಕಥೆ ಅಂತ ಪ್ರಸಿದ್ಧಿ. ನೋಡಿದ ಮೇಲೆ, ಸೆಟ್ಟು ಅಷ್ಟಕ್ಕಷ್ಟೇ, ಎಳೆದಾಡಿದ ಕಡೆಯೂ ಇದೆ ಅಂತ ಕೆಲವರಿಗೆ ನಿರಾಸೆಯಾಯ್ತು. ಕಳೆದುಹೋದದ್ದಕ್ಕೆ ಒಂದು ಬೆಳಕಿರುತ್ತೆ, ಸಿಕ್ಕರೆ ಅದು ಹೋಗುತ್ತೆ. ಟ್ರೌಟನ್ ಅವರ ಅಭಿನಯಕ್ಕೆ ಮಾತ್ರ ಈ ಮಾತು ಅನ್ವಯಿಸಲಿಲ್ಲ.

ಸಿಕ್ಕ ಫಿಲ್ಮನ್ನು ಹಾಗೇ ತೋರಿಸೋಕಾಗಲ್ಲ. ಗೀರು, ಧೂಳು, ಹರಿದ ಅಂಚು, ಗರಗರ ಸದ್ದು. ಬಿಸಿಲಿನ ದೇಶದಲ್ಲಿ ಬಿದ್ದಿದ್ದ ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದರೆ ವಿನೆಗರ್ ವಾಸನೆ ಹೊಡೆಯುತ್ತೆ, ಸುರುಟಿಕೊಳ್ಳುತ್ತೆ. ಡಾಕ್ಟರ್ ಹೂ ರೆಸ್ಟೊರೇಷನ್ ಟೀಮ್ ಅನ್ನೋ ಗುಂಪು ಈ ಕೆಲಸಕ್ಕೆ ನಿಂತಿತು. ಟಿವಿ ಉದ್ಯಮದಲ್ಲೇ ಇದ್ದ ಅಭಿಮಾನಿಗಳು ಅವರು. ಒಂದೊಂದು ಚೌಕಟ್ಟಿನ ಗೀರು ಅಳಿಸಿದ್ದಾರೆ, ಅದು ಸಹನೆಯ ಕೆಲಸ. ನನಗೆ ತುಂಬಾ ಇಷ್ಟವಾದದ್ದು ವಿಡ್‌ಫೈರ್ ಅನ್ನೋ ವಿಧಾನ. ಸ್ಟುಡಿಯೊ ವಿಡಿಯೊ ಸೆಕೆಂಡಿಗೆ 50 ಫೀಲ್ಡ್, ಒಂದೊಂದು ಫೀಲ್ಡಿನಲ್ಲೂ ಅರ್ಧರ್ಧ ಗೆರೆ. ಫಿಲ್ಮಿಗೆ ಇಳಿಸಿದಾಗ ಅದು ಸೆಕೆಂಡಿಗೆ 25 ಚಿತ್ರವಾಯ್ತು. ಹಾಗಾಗಿ ಚಲನೆಯ ಅರ್ಧ ಮಾಹಿತಿ ಹೋಗಿ, ಸ್ಟುಡಿಯೊದಲ್ಲಿ ಕಣ್ಣೆದುರೇ ನಡೆದ ನಾಟಕ ಹಳೇ ಸಿನಿಮಾದ ಹಾಗೆ ಕಾಣುತ್ತೆ. ವಿಡ್‌ಫೈರ್ ಎರಡು ಚಿತ್ರಗಳ ನಡುವೆ ಏನೇನು ಎಷ್ಟೆಷ್ಟು ಸರಿದಿದೆ ಅಂತ ಅಂದಾಜು ಮಾಡಿ, ನಡುವಿನ ಚಿತ್ರವನ್ನು ಹುಟ್ಟಿಸಿ ಮತ್ತೆ 50 ಮಾಡುತ್ತೆ. ನಮ್ಮ ಸಿಗ್ನಲ್ಸ್ ಪಾಠದ ಇಂಟರ್‌ಪೊಲೇಷನ್ನೇ, ಆದರೆ ಪರೀಕ್ಷೆಗಲ್ಲ. ಫಲವಾಗಿ ಟ್ರೌಟನ್ ತಟ್ಟನೆ ತಿರುಗಿದರೆ ತಿರುಗಿದಂತೇ ಕಾಣುತ್ತೆ, 1967ರ ಶನಿವಾರ ಸಂಜೆ ಕಂಡ ಹಾಗೆ. ಪರ್ಟ್ವಿ ಕಾಲದ ಬಣ್ಣದ ಕಂತುಗಳದ್ದು ಇನ್ನೊಂದು ಸೋಜಿಗ. ಕಪ್ಪು ಬಿಳುಪು ಫಿಲ್ಮಿನಲ್ಲಿ ದೋಷವಾಗಿ ಉಳಿದಿದ್ದ ಸಣ್ಣ ಚುಕ್ಕೆಗಳು ಮೂಲ ಬಣ್ಣದ ಸಿಗ್ನಲ್ಲೇ ಅಂತ ಕಂಡುಕೊಂಡು, ಅದರಿಂದ ಬಣ್ಣ ಲೆಕ್ಕ ಹಾಕಿ ತೆಗೆದರು. ಅದರ ಬಗ್ಗೆಯೇ ಬೇರೆ ಲೇಖನ ಬರೆಯಬಹುದು.

ಚಿತ್ರ ಹೋದ ಕಂತುಗಳದ್ದೂ ಧ್ವನಿ ಎಲ್ಲ ಉಳಿದಿದೆ, ಒಂದನ್ನೂ ಬಿಡದೆ. ಕಾರಣ, ಆಗಿನ ಹುಡುಗರು. ಟಿವಿ ಮುಂದೆ ಮೈಕ್ ಹಿಡಿದು, ಕೆಲವರು ಟಿವಿ ಸ್ಪೀಕರಿಗೇ ತಂತಿ ಜೋಡಿಸಿ, ಪ್ರತಿವಾರ ರೀಲ್ ಟೇಪಿಗೆ ಇಳಿಸಿಕೊಂಡರು. ಮನೆಯಲ್ಲಿ ಯಾರೂ ಮಾತಾಡಬೇಡಿ ಅಂತ ಅಮ್ಮನಿಗೂ ಗದರಿರಬೇಕು! ಜಾನ್ ಕ್ಯೂರಾ ಎಂಬ ಫೋಟೊಗ್ರಾಫರ್ ಟಿವಿ ಪರದೆಯ ಫೋಟೊ ತೆಗೆದು ನಟರು, ನಿರ್ದೇಶಕರಿಗೆ ಮಾರುತ್ತಿದ್ದರು. ಒಂದು ಕಂತಿಗೆ ಅರವತ್ತು ಎಪ್ಪತ್ತು ಫೋಟೊ. ಇವತ್ತು ಪವರ್ ಆಫ್ ದಿ ಡಾಲೆಕ್ಸ್‌ನಲ್ಲಿ ಟ್ರೌಟನ್ ಎಲ್ಲಿ ನಿಂತಿದ್ದರು, ಮುಖ ಹೇಗಿತ್ತು ಅಂತ ಗೊತ್ತಾಗೋದು ಅವರ ದಯೆಯಿಂದ. ಆಸ್ಟ್ರೇಲಿಯಾದ ಕಥೆ ಇನ್ನೂ ತಮಾಷೆ. ಮಕ್ಕಳಿಗೆ ಭಯವಾಗುತ್ತೆ ಅಂತ ಅಲ್ಲಿನ ಸೆನ್ಸಾರ್ ಕತ್ತರಿಸಿದ ತುಣುಕುಗಳು ಸರ್ಕಾರಿ ಕಡತದಲ್ಲಿ ಭದ್ರವಾಗಿದ್ದವು. ಅವು ಪತ್ತೆಯಾದದ್ದು 1996ರಲ್ಲಿ. ತೋರಿಸಬಹುದು ಅಂದದ್ದೆಲ್ಲ ಬೂದಿ, ತೋರಿಸಬೇಡಿ ಅಂದದ್ದು ಮಾತ್ರ ಉಳಿದಿದೆ.

ಈ ಧ್ವನಿಗೆ ಅನಿಮೇಷನ್ ಜೋಡಿಸಿ ಕಂತುಗಳನ್ನು ಮತ್ತೆ ಮಾಡುತ್ತಿದ್ದಾರೆ. ಪವರ್ ಆಫ್ ದಿ ಡಾಲೆಕ್ಸ್ 2016ರಲ್ಲಿ, ಸರಿಯಾಗಿ ಐವತ್ತು ವರ್ಷಕ್ಕೆ, ಹಾಗೆ ಬಂತು. ಕಥೆ ತಿಳಿಯೋಕೆ ಒಳ್ಳೇದೇ. ಆದರೆ ಟ್ರೌಟನ್ ವಿಷಯದಲ್ಲಿ ಅದು ಎಲೆ ಹಾಕಿ ಪಾಯಸ ಬಡಿಸದ ಹಾಗೆ. ಗೆರೆಯಲ್ಲಿ ಬರೆದ ಹುಬ್ಬು ಎಷ್ಟು ಎತ್ತರ ಏರಬೇಕು ಅಂತ ನಿರ್ಧರಿಸಿದವರು ಬೇರೆ ಯಾರೋ. ಹಾಗಂತ ಮಾಡಬಾರದು ಅನ್ನೋಕೆ ನನಗೆ ಬಾಯಿ ಬರಲ್ಲ. ನಮ್ಮ ಮೊದಲ ಕನ್ನಡ ವಾಕ್ಚಿತ್ರ, 1934ರ ಸತಿ ಸುಲೋಚನದ ಪ್ರತಿಯೇ ಉಳಿದಿಲ್ಲ. ಅದರ ಧ್ವನಿಯಷ್ಟಾದರೂ ಯಾರಾದರೂ ಹಿಡಿದಿಟ್ಟಿದ್ದರೆ ನಾವು ಕೂತು ಕೇಳುತ್ತಿರಲಿಲ್ಲವೇ?

2013ರ ಅಕ್ಟೋಬರಿನಲ್ಲಿ ಬಿಬಿಸಿ ಒಂದು ಸುದ್ದಿ ಕೊಟ್ಟಿತು. ಹಳೇ ಫಿಲ್ಮ್ ಹುಡುಕುತ್ತಾ ದೇಶದೇಶ ಸುತ್ತುವ ಫಿಲಿಪ್ ಮಾರಿಸ್ ಅವರಿಗೆ ನೈಜೀರಿಯಾದ ಜೋಸ್ ಊರಿನ ಟಿವಿ ಕೇಂದ್ರದಲ್ಲಿ, ಧೂಳು ಹಿಡಿದ ಡಬ್ಬಿಗಳ ನಡುವೆ, ಕಳೆದುಹೋಗಿದ್ದ ಒಂಬತ್ತು ಕಂತು ಸಿಕ್ಕಿದ್ದವು. ಒಂಬತ್ತೂ ಟ್ರೌಟನ್ ಅವರವೇ. ಇಲ್ಲದ ಕಂತುಗಳ ಲೆಕ್ಕ 106ರಿಂದ 97ಕ್ಕೆ ಇಳಿಯಿತು. ಅದರಲ್ಲೂ 53 ಇವರದ್ದೇ. ಲಂಡನ್ನಿನಲ್ಲಿ ಪತ್ರಕರ್ತರಿಗೆ ಆ ಕಂತುಗಳನ್ನು ತೋರಿಸಿದಾಗ ಅವರ ಜೊತೆ ನಟಿಸಿದ್ದ ಫ್ರೇಜರ್ ಹೈನ್ಸ್, ಡೆಬೊರಾ ವಾಟ್ಲಿಂಗ್ ಬಂದಿದ್ದರು. ನಲವತ್ತೈದು ವರ್ಷದ ಹಿಂದಿನ ತಮ್ಮನ್ನು ತಾವೇ ನೋಡಿದರು.

ಸಿಕ್ಕ ಎರಡು ಕಥೆಗಳಲ್ಲಿ ಮೊದಲನೆಯದು ದಿ ಎನಿಮಿ ಆಫ್ ದಿ ವರ್ಲ್ಡ್. ಇದರಲ್ಲಿ ಟ್ರೌಟನ್‌ಗೆ ದ್ವಿಪಾತ್ರ: ಡಾಕ್ಟರ್ ಒಬ್ಬ, ಅವನ ಹಾಗೇ ಇರುವ ಸಲಮಾಂಡರ್ ಎಂಬ ಕ್ರೂರ ಸರ್ವಾಧಿಕಾರಿ ಇನ್ನೊಬ್ಬ. ಆರು ಕಂತಿನಲ್ಲಿ ಅದುವರೆಗೆ ಇದ್ದದ್ದು ಮೂರನೆಯದೊಂದೇ, ಅದು ಸ್ವಲ್ಪ ಸಪ್ಪೆಯದು. ಆ ಒಂದನ್ನು ನೋಡಿ ಇಡೀ ಕಥೆಯೇ ಸಪ್ಪೆ ಅಂತ ದಶಕಗಟ್ಟಲೆ ಬರೆದಿದ್ದರು. ಪೂರ್ತಿ ನೋಡಿದ ಮೇಲೆ ಅಭಿಪ್ರಾಯ ತಿರುವುಮುರುವಾಯ್ತು. ಸಲಮಾಂಡರ್ ನಡೆಯೋದೇ ಬೇರೆ, ನಗೋದೇ ಬೇರೆ. ಅದಕ್ಕಿಂತ ಕಷ್ಟದ್ದು, ಡಾಕ್ಟರ್ ಸಲಮಾಂಡರ್ ಹಾಗೆ ನಟಿಸುವ ದೃಶ್ಯಗಳು. ಅಲ್ಲಿ ಒಬ್ಬನ ಮುಖದಲ್ಲಿ ಇಬ್ಬರೂ ಕಾಣ್ತಾರೆ. ಧ್ವನಿಯ ಟೇಪಿನಲ್ಲಿ ಇದು ಎಲ್ಲಿ ಸಿಗಬೇಕು? ಆರನೇ ಕಂತಿನ ಕೊನೆಗೆ ಇಬ್ಬರೂ ಟಾರ್ಡಿಸ್ ಒಳಗೆ ಎದುರುಬದುರಾಗ್ತಾರೆ. ಯಂತ್ರ ಹೊರಡುತ್ತೆ, ಬಾಗಿಲು ತೆರೆದೇ ಇದೆ, ಸಲಮಾಂಡರ್ ಶೂನ್ಯಕ್ಕೆ ಎಸೆಯಲ್ಪಡ್ತಾನೆ.

ಎರಡನೇ ಕಥೆ ದಿ ವೆಬ್ ಆಫ್ ಫಿಯರ್ ಶುರುವಾಗೋದು ಆ ತೆರೆದ ಬಾಗಿಲಿನಿಂದಲೇ. ಲಂಡನ್ನಿನ ನೆಲದಡಿಯ ರೈಲು ಸುರಂಗ, ಕತ್ತಲೆ, ಯೇಟಿಗಳು. ಅದರದ್ದೂ ಆರು ಕಂತು, ಒಂದನೆಯದು ಮೊದಲೇ ಇತ್ತು, ನೈಜೀರಿಯಾದಿಂದ ಎರಡು, ನಾಲ್ಕು, ಐದು, ಆರು ಬಂದವು. ಮುಂದೆ ಡಾಕ್ಟರ್‌ಗೆ ಜೀವಮಾನದ ಗೆಳೆಯನಾಗುವ ಲೆತ್‌ಬ್ರಿಡ್ಜ್ ಸ್ಟೀವರ್ಟ್ ಎಂಬ ಸೈನಿಕನ ಮುಖ ನೋಡುಗರಿಗೆ ಮೊದಲು ಕಂಡದ್ದು ಮೂರನೆಯದರಲ್ಲಿ. ಅದು ಮಾತ್ರ ಆ ರಾಶಿಯಲ್ಲಿ ಬರಲಿಲ್ಲ. ಧ್ವನಿ ಇದೆ, ಕ್ಯೂರಾ ತೆಗೆದ ಫೋಟೊಗಳಿವೆ, 2021ರಲ್ಲಿ ಮಾಡಿದ ಅನಿಮೇಷನ್ನೂ ಇದೆ. ನೋಡುವವರು ಎರಡನೇ ಕಂತು ಮುಗಿಸಿ ಅದನ್ನು ಹಾಕಿಕೊಳ್ಳಿ, ಆಮೇಲೆ ನಾಲ್ಕನೆಯದಕ್ಕೆ ಹೋಗಿ. ನಾಲ್ಕನೆಯದರಲ್ಲಿ ಟ್ರೌಟನ್ ಮತ್ತೆ ಮೈತುಂಬಿಕೊಂಡು ಬರುವಾಗ ಹೇಗನ್ನಿಸಿತು ಅಂತ ಮುಂದಿನ ಬುಧವಾರದ ಕ್ಲಬ್ ಸಭೆಯಲ್ಲಿ ಮಾತಾಡೋಣ.